ಸೋತ ದಿನದ ಸಂಜೆ: ಕ್ರೊಯೇಷಿಯಾದ ಒಬ್ಬ ಟೆನಿಸ್ ಆಟಗಾರ್ತಿಯ ಪ್ರಕರಣ

ಮಕ್ಕಳ ಟೆನಿಸ್ ಟೂರ್ನಿಗಳಲ್ಲಿ ಸ್ಕೋರ್ ಬರೆಯಲು ನಾನು ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ಪಂದ್ಯ ಮುಗಿದ ತಕ್ಷಣ ಗೆದ್ದ ಮಗುವಿನ ಸುತ್ತ ಜನ ಸೇರುತ್ತಾರೆ. ಫೋಟೊ, ಬೆನ್ನು ತಟ್ಟುವುದು, ಎಳನೀರು. ಸೋತ ಮಗು ಬೆಂಚಿನ ಮೇಲೆ ಕೂತು ಬ್ಯಾಗಿನ ಜಿಪ್ ಎಳೆಯುತ್ತಿರುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಎಳೆಯುತ್ತದೆ. ಒಂದು ಸಲ ಹತ್ತಿರ ಹೋಗಿ ಜಿಪ್ ಕೆಟ್ಟಿದೆಯಾ ಅಂತ ನೋಡಿದೆ. ಚೆನ್ನಾಗಿಯೇ ಇತ್ತು. ಗೇಟಿನ ಹೊರಗೆ ಮನೆಯವರ ಕಾರು ಕಾಯುತ್ತಿತ್ತು. ಹುಡುಗನಿಗೆ ಅಲ್ಲಿಗೆ ಹೋಗುವುದು ಬೇಕಿರಲಿಲ್ಲ, ಅಷ್ಟೇ.

ಆ ದಿನದಿಂದ ನನ್ನ ತಲೆಯಲ್ಲಿ ಕೂತಿರುವುದು ಕ್ರೊಯೇಷಿಯಾದ ಒಬ್ಬ ವೃತ್ತಿಪರ ಆಟಗಾರ್ತಿಯ ಪ್ರಕರಣ. ಈಗ ಆಕೆ ಆಟದಿಂದ ದೂರವಾಗಿದ್ದಾರೆ. ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮನೆಯವರ, ಸಹಾಯ ಮಾಡಿದವರ, ಜಗಳ ಮಾಡಿದವರ ಹೆಸರೂ ಬೇಡ. 90ರ ದಶಕದಿಂದ ಟೆನಿಸ್ ನೋಡುತ್ತಾ ಬಂದವರು ಗುರುತು ಹಿಡಿಯಬಹುದು, ಪರವಾಗಿಲ್ಲ. ಎದುರಾಳಿಗಳ ಹೆಸರು ಮಾತ್ರ ಇಟ್ಟಿದ್ದೇನೆ. ಅವು ಇಲ್ಲದಿದ್ದರೆ ಆ ಗೆಲುವುಗಳ ತೂಕ ಗೊತ್ತಾಗುವುದಿಲ್ಲ. ಮಕ್ಕಳನ್ನು ಆಟಕ್ಕೆ ಕಳಿಸುವ ಅಪ್ಪ ಅಮ್ಮಂದಿರು, ಕೋಚ್‌ಗಳು, ಟೂರ್ನಿ ನಡೆಸುವವರು ಓದಲಿ ಅಂತ ಇದನ್ನು ಬರೆದಿದ್ದೇನೆ.

ಹಿನ್ನೆಲೆ

ಹುಡುಗಿ ಹುಟ್ಟಿದ್ದು 1982ರಲ್ಲಿ, ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ. ಬೆಳೆದದ್ದು ಮಕಾರ್ಸ್ಕಾದಲ್ಲಿ. ಅದು ಕ್ರೊಯೇಷಿಯಾದ ಡಾಲ್ಮೇಷಿಯಾ ತೀರದ ಪುಟ್ಟ ಊರು. ಮುಂದೆ ಏಡ್ರಿಯಾಟಿಕ್ ಸಮುದ್ರ, ಬೆನ್ನಿಗೆ ಬಿಯೊಕೊವೊ ಬೆಟ್ಟ. ದೇಶ 1991ರಲ್ಲಿ ಸ್ವತಂತ್ರ ಎಂದು ಘೋಷಿಸಿಕೊಂಡಿತು, 1995ರವರೆಗೂ ಯುದ್ಧ ನಡೆಯಿತು. ಆ ವರ್ಷಗಳಲ್ಲಿ ಅಂಥ ಹೊಸ ದೇಶಕ್ಕೆ ಜಗತ್ತಿನ ಮುಂದೆ ಹೆಸರು ತಂದುಕೊಟ್ಟವರಲ್ಲಿ ಕ್ರೀಡಾಪಟುಗಳು ಮುಖ್ಯರು. 1997ರಲ್ಲಿ ಇವಾ ಮಯೋಲಿ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಮಾರ್ಟಿನಾ ಹಿಂಗಿಸ್ ಅವರನ್ನು ಸೋಲಿಸಿ, ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದ ಮೊದಲ ಕ್ರೊಯೇಷಿಯಾ ಮಹಿಳೆಯಾದರು. ಗ್ರ್ಯಾಂಡ್‌ಸ್ಲಾಮ್ ಅಂದರೆ ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳು. ಇನ್ನೊಬ್ಬ ಹುಡುಗಿ ಬರುತ್ತಿದ್ದಾಳೆ ಅಂದರೆ ಇಡೀ ದೇಶ ಕಿವಿ ನಿಮಿರಿಸುವ ಕಾಲ ಅದು.

ಈ ಹುಡುಗಿ ನಿಜಕ್ಕೂ ಬರುತ್ತಿದ್ದಳು. 1996ರಲ್ಲಿ ಯುಎಸ್ ಓಪನ್ ಬಾಲಕಿಯರ ಪ್ರಶಸ್ತಿ. ಮುಂದಿನ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಬಾಲಕಿಯರ ಪ್ರಶಸ್ತಿ. ಆಮೇಲೆ ಬ್ರಾಚ್ ದ್ವೀಪದ ಬೋಲ್ ಎಂಬ ಊರಿನಲ್ಲಿ ನಡೆದ ಟೂರ್ನಿಯಲ್ಲಿ ಡಬ್ಲ್ಯುಟಿಎ (ಮಹಿಳೆಯರ ವೃತ್ತಿಪರ ಟೆನಿಸ್ ನಡೆಸುವ ಸಂಸ್ಥೆ) ಆಟಗಾರ್ತಿಯಾಗಿ ಮೊದಲ ಹೆಜ್ಜೆ. ಆ ಮೊದಲ ಟೂರ್ನಿಯನ್ನೇ ಗೆದ್ದಳು. ವಯಸ್ಸು 15. ಅದಾದ ಸ್ವಲ್ಪ ದಿನಕ್ಕೆ ಸ್ಟ್ರಾಸ್‌ಬರ್ಗ್‌ನಲ್ಲಿ ಫೈನಲ್ ತಲುಪಿ, ಆ ಕಾಲದ ದಿಗ್ಗಜ ಆಟಗಾರ್ತಿ ಸ್ಟೆಫಿ ಗ್ರಾಫ್ ಅವರಿಗೆ ಸೋತಳು. 15 ವರ್ಷದ ಹುಡುಗಿ ಸ್ಟೆಫಿ ಗ್ರಾಫ್ ಎದುರು ಫೈನಲ್‌ನಲ್ಲಿ ನಿಲ್ಲುವುದು ಅಂದರೆ ಸುಮ್ನೆ ಮಾತಲ್ಲ.

ಆಟದ ಬಗೆ ಹೇಳಬೇಕು. ಎತ್ತರದ ಹುಡುಗಿ, ಗಟ್ಟಿ ಸರ್ವ್, ಚೆಂಡನ್ನು ನೇರವಾಗಿ, ಬಲೆಯ ಅಂಚನ್ನು ಸವರಿಕೊಂಡು ಹೋಗುವ ಹಾಗೆ ಬಾರಿಸುವ ಕೈ. ಉದ್ದುದ್ದದ ರ‍್ಯಾಲಿಗಳಲ್ಲಿ ಕಾದು ಕೂರುವ ಜಾಯಮಾನ ಇರಲಿಲ್ಲ. ಮೂರು ನಾಲ್ಕು ಹೊಡೆತದಲ್ಲಿ ಇತ್ಯರ್ಥ. ಆ ಕೈ ಕೊನೆಯವರೆಗೂ ಬದಲಾಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1998ರ ಜನವರಿಯಲ್ಲಿ ಹಿಂಗಿಸ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಳು. ಎದುರು ನಿಂತಿದ್ದದ್ದು ಲಿಂಡ್ಸೆ ಡೇವನ್‌ಪೋರ್ಟ್ ಮತ್ತು ನತಾಶಾ ಜ್ವೆರೆವಾ. ಹುಡುಗಿಗೆ ಆಗಿನ್ನೂ 16 ತುಂಬಿರಲಿಲ್ಲ. ಮೇ ಹೊತ್ತಿಗೆ ಬೋಲ್‌ನಲ್ಲಿ ಮತ್ತೆ ಸಿಂಗಲ್ಸ್ ಪ್ರಶಸ್ತಿ. ಸಿಂಗಲ್ಸ್ ರ‍್ಯಾಂಕಿಂಗ್ 32. ಜುಲೈನಲ್ಲಿ ವಿಂಬಲ್ಡನ್ ಮಿಶ್ರ ಡಬಲ್ಸ್ ಫೈನಲ್. ಅಲ್ಲಿ ಆಕೆಯ ಜೊತೆಗಾರ ನಮ್ಮವರೇ, ಬೆಂಗಳೂರಿನ ಟೆನಿಸ್ ಮಂದಿಗೆಲ್ಲ ಪರಿಚಿತರಾದ ಮಹೇಶ್ ಭೂಪತಿ. ಸೆರೆನಾ ವಿಲಿಯಮ್ಸ್ ಮತ್ತು ಮ್ಯಾಕ್ಸ್ ಮಿರ್ನಿ ಜೋಡಿಗೆ 6-4, 6-4ರಿಂದ ಸೋತರು. ನಮ್ಮ ಕಡೆ ಆ ಪಂದ್ಯ ನೆನಪಿಟ್ಟವರು ಭೂಪತಿ ಸೋತರು ಅಂತ ನೆನಪಿಟ್ಟಿದ್ದಾರೆ. ಬಲೆಯ ಹತ್ತಿರ ಅವರ ಪಕ್ಕ ನಿಂತಿದ್ದ 16ರ ಹುಡುಗಿ ಎಂಥ ಮನೆಯಿಂದ ಬಂದು ಆಡುತ್ತಿದ್ದಳು ಅನ್ನುವುದು ಆಗ ನಮಗಾರಿಗೂ ಗೊತ್ತಿರಲಿಲ್ಲ.

ಸಮಸ್ಯೆ

ಮನೆಯಲ್ಲಿ ಪೆಟ್ಟು ಬೀಳುತ್ತಿತ್ತು. ಚಿಕ್ಕಂದಿನಿಂದ ತಂದೆ ಹೊಡೆಯುತ್ತಿದ್ದರು, ಸೋತರೆ ಹೊಡೆತ ಗ್ಯಾರಂಟಿ ಅನ್ನುವ ಅರ್ಥದಲ್ಲಿ ಆಕೆ ಮುಂದೆ ಸಾರ್ವಜನಿಕವಾಗಿಯೇ ಹೇಳಿದ್ದಾರೆ. ತಂದೆ ಆ ಆರೋಪಗಳನ್ನು ಅಲ್ಲಗಳೆದರು. ಯಾರ ಮೇಲೂ ತೀರ್ಪು ಬರೆಯಲು ನಾನು ಕೂತಿಲ್ಲ. ಆದರೆ ಒಬ್ಬ ತಾಯಿ ಮಕ್ಕಳನ್ನೆಲ್ಲ ಕಟ್ಟಿಕೊಂಡು ದೇಶವನ್ನೇ ಬಿಟ್ಟು ಹೋದರು. ಅದು ನಡೆದದ್ದು. ಸುಮ್ಮಸುಮ್ಮನೆ ಯಾರೂ ಹಾಗೆ ಹೋಗುವುದಿಲ್ಲ.

ಹುಡುಗಿ ಎಲ್ಲರ ಕಣ್ಣೆದುರೇ ಇದ್ದಳು. ವರ್ಷದಲ್ಲಿ ಎಷ್ಟೋ ವಾರ ಕ್ಯಾಮೆರಾ ಮುಂದೆ, ಪತ್ರಕರ್ತರ ಮುಂದೆ, ವೈದ್ಯರು, ಅಧಿಕಾರಿಗಳು, ಬೇರೆ ಆಟಗಾರ್ತಿಯರ ನಡುವೆ. ಆದರೂ ಇದು ಹೊರಗೆ ಬರಲಿಲ್ಲ. ನನ್ನ ಪ್ರಕಾರ ಅದಕ್ಕೆ ಕಾರಣ ಒಂದೇ. ಅವಳು ಗೆಲ್ಲುತ್ತಿದ್ದಳು. ಗೆಲ್ಲುವ ಮಗುವಿನ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ‘ಅಪ್ಪ ಸ್ವಲ್ಪ ಸ್ಟ್ರಿಕ್ಟು’ ಅಂದುಬಿಡುತ್ತಾರೆ. ಅಪ್ಪನ ಗಟ್ಟಿ ದನಿಯನ್ನೂ ಗೆಲುವಿನ ಲೆಕ್ಕಕ್ಕೆ ಜಮಾ ಮಾಡುತ್ತಾರೆ. ಮಗು ಸತತವಾಗಿ ಸೋತಿದ್ದರೆ ಯಾರಾದರೂ ಒಬ್ಬರು ಏನಾಗಿದೆ ಇವಳಿಗೆ ಅಂತ ಕೇಳುತ್ತಿದ್ದರೇನೋ.

ಟೆನಿಸ್ ಆಡಳಿತಕ್ಕೆ ಇಂಥದ್ದು ಹೊಸದಾಗಿರಲಿಲ್ಲ. ಮೇರಿ ಪಿಯರ್ಸ್ ಅವರ ತಂದೆಯನ್ನು 1993ರಲ್ಲೇ ಟೂರ್ನಿಗಳ ಹತ್ತಿರ ಬರದಂತೆ ತಡೆದಿದ್ದರು. 1995ರಿಂದ ವಯಸ್ಸಿನ ನಿಯಮವೂ ಬಂದಿತ್ತು. ಚಿಕ್ಕ ವಯಸ್ಸಿನವರು ವರ್ಷಕ್ಕೆ ಎಷ್ಟು ವೃತ್ತಿಪರ ಟೂರ್ನಿ ಆಡಬಹುದು ಅನ್ನುವುದಕ್ಕೆ ಮಿತಿ, 18 ತುಂಬುವವರೆಗೂ. ಒಳ್ಳೆಯ ನಿಯಮ, ಎಷ್ಟೋ ಹುಡುಗಿಯರ ಮೈ ಮನಸ್ಸು ಉಳಿಸಿದೆ. ಆದರೆ ಆ ನಿಯಮ ಎಣಿಸುವುದು ಪಂದ್ಯಗಳನ್ನು. ಪಂದ್ಯ ಮುಗಿದ ಮೇಲೆ ಹೋಟೆಲ್ ರೂಮಿನ ಬಾಗಿಲು ಹಾಕಿಕೊಂಡರೆ ಒಳಗೆ ಏನಾಗುತ್ತದೆ ಅನ್ನುವುದು ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಮೊದಲ ತಿರುವು: ಹೊರಟುಬಿಡುವುದು

1998ರ ಜುಲೈ. ವಿಂಬಲ್ಡನ್ ಮಿಶ್ರ ಡಬಲ್ಸ್ ಫೈನಲ್ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ತಾಯಿ, ಹುಡುಗಿ, ಒಡಹುಟ್ಟಿದವರು ಕ್ರೊಯೇಷಿಯಾ ಬಿಟ್ಟು ಅಮೆರಿಕಕ್ಕೆ ಹೋದರು. ಹೋಗಲು ನೆರವಾದವರು ಅದೇ ದೇಶದ ಹೆಸರಾಂತ ಆಟಗಾರ. ಮುಂದೆ ಇವರ ಬದುಕು ಫ್ಲೋರಿಡಾದಲ್ಲಿ.

ಈ ತೀರ್ಮಾನವನ್ನು ಎಷ್ಟು ಹೊಗಳಿದರೂ ಸಾಲದು. ಹುಡುಗಿ ಆಗ ಉತ್ತುಂಗದಲ್ಲಿದ್ದಳು. ‘ಇನ್ನೊಂದು ವರ್ಷ ತಡೆದುಕೊಳ್ಳೋಣ, ದುಡ್ಡು ಮಾಡಿಕೊಂಡು ಹೋಗೋಣ, 18 ತುಂಬಲಿ’ ಅನ್ನುವ ಯೋಚನೆಗೆ ಎಲ್ಲ ಕಾರಣಗಳೂ ಇದ್ದವು. ಎಷ್ಟೋ ಮನೆಗಳಲ್ಲಿ ಅದೇ ಯೋಚನೆ ಗೆಲ್ಲುತ್ತದೆ. ಇಲ್ಲಿ ತಾಯಿ ತಡೆಯಲಿಲ್ಲ. ಇಡೀ ಪ್ರಕರಣದಲ್ಲಿ ದೊಡ್ಡ ಗೆಲುವು ಯಾವುದು ಅಂತ ನನ್ನನ್ನು ಕೇಳಿದರೆ, ಇದೇ ಅನ್ನುತ್ತೇನೆ. ಇದಕ್ಕೆ ಟ್ರೋಫಿ ಇಲ್ಲ.

ಆದರೆ ಬೆಲೆ ಇತ್ತು. 16ನೇ ವಯಸ್ಸಿಗೆ ಹುಡುಗಿಯ ರ‍್ಯಾಕೆಟ್ ಒಂದು ಇಡೀ ಸಂಸಾರದ ಅನ್ನದ ದಾರಿಯಾಯಿತು. ತಂದೆಗೆ ಹೆದರಿ ಆಡುತ್ತಿದ್ದವಳು ಈಗ ತಿಂಗಳ ಖರ್ಚಿಗಾಗಿ ಆಡಬೇಕು. ಭಯದ ಜಾಗಕ್ಕೆ ಭಾರ ಬಂತು. ತಪ್ಪಿಸಿಕೊಳ್ಳಲು ಕೈಹಿಡಿದವರು ಇದ್ದರು. ಆದರೆ ದೇಶ ಬಿಟ್ಟು ಬಂದ ಸಂಸಾರಕ್ಕೆ ಆಮೇಲೆ ಬೇಕಾಗುವುದು ಬೇರೆ ಥರದ ನೆರವು. ಬಾಡಿಗೆ ಮನೆ, ವಕೀಲರು, ನಂಬಬಹುದಾದ ಕೋಚ್, ಕೂತು ಮಾತಾಡಲು ಒಬ್ಬರು. ಅದನ್ನೆಲ್ಲ ವರ್ಷಗಟ್ಟಲೆ ಕೊಡುವ ವ್ಯವಸ್ಥೆ ಆಗಿನ ಟೆನಿಸ್‌ನಲ್ಲಿ ಇರಲಿಲ್ಲ.

ಎರಡನೆಯ ತಿರುವು: ಎಲ್ಲರೂ ತಪ್ಪಾಗಿ ಓದಿದ ಗೆಲುವು

ಒಂದು ವರ್ಷದಲ್ಲಿ ರ‍್ಯಾಂಕಿಂಗ್ 134ಕ್ಕೆ ಇಳಿಯಿತು. ಆ ಇಳಿತದ ನಡುವೆಯೇ 1999ರ ವಿಂಬಲ್ಡನ್ ಬಂತು. ಮೂರನೇ ಸುತ್ತಿನಲ್ಲಿ ಹಿಂದೆ ವಿಶ್ವದ ನಂಬರ್ ಒನ್ ಆಗಿದ್ದ ಮೋನಿಕಾ ಸೆಲೆಸ್ ಅವರನ್ನು ಎರಡು ಟೈಬ್ರೇಕರ್‌ಗಳಲ್ಲಿ (6-6 ಆದಾಗ ಸೆಟ್ ತೀರ್ಮಾನಿಸುವ ಗೇಮ್) ಸೋಲಿಸಿದಳು. ಕ್ವಾರ್ಟರ್ ಫೈನಲ್‌ನಲ್ಲಿ ಹಿಂದಿನ ವರ್ಷದ ಫೈನಲಿಸ್ಟ್ ನತಾಲಿ ತೋಜಿಯಾ ಸೋತರು. ಸೆಮಿಫೈನಲ್‌ನಲ್ಲಿ ಎದುರಿಗೆ ಮತ್ತೆ ಸ್ಟೆಫಿ ಗ್ರಾಫ್. ಮೊದಲ ಸೆಟ್ ಹುಡುಗಿಯದೇ ಆಯಿತು, ಆಮೇಲೆ ಗ್ರಾಫ್ ಎರಡು ಸೆಟ್ ಗೆದ್ದು ಮುಂದೆ ಹೋದರು. ಅದು ಗ್ರಾಫ್ ಆಡಿದ ಕೊನೆಯ ವಿಂಬಲ್ಡನ್. ಹುಡುಗಿಗೆ 17.

ಪತ್ರಿಕೆಗಳು ಸಂಭ್ರಮಿಸಿದವು. ಕಷ್ಟ ಮುಗಿಯಿತು, ಇನ್ನೇನಿದ್ದರೂ ಮೇಲಕ್ಕೇ ಅನ್ನುವ ಮಾತು. ಇಲ್ಲೇ ಎಲ್ಲರೂ ಎಡವಿದರು ಅಂತ ನನಗನ್ನಿಸುತ್ತದೆ. ಎರಡು ವಾರ ಹುಲ್ಲಿನ ಮೇಲೆ ಕೈ ಕುದುರಿತು. ಸರ್ವ್ ಬಿತ್ತು, ನೇರ ಹೊಡೆತಗಳು ಒಳಗೆ ಬಿದ್ದವು. ಅದರಿಂದ ಕೈಯಲ್ಲಿ ಆಟ ಇದೆ ಅಂತ ಗೊತ್ತಾಗುತ್ತದೆ. ಮನಸ್ಸಿನ ಗಾಯ ಮಾಯಿತು ಅಂತ ಗೊತ್ತಾಗುವುದಿಲ್ಲ. ಮೊದಲು ಗೆಲುವು ಪೆಟ್ಟನ್ನು ಮುಚ್ಚಿಟ್ಟಿತ್ತು. ಈಗ ಇನ್ನೊಂದು ಗೆಲುವು ದಣಿವನ್ನು ಮುಚ್ಚಿಟ್ಟಿತು. ಎರಡು ಸಲವೂ ಸುತ್ತಲಿನವರು ಸ್ಕೋರ್‌ಬೋರ್ಡನ್ನೇ ನೋಡಿದರು.

ಕತ್ತಲ ವರ್ಷಗಳು

2000ದಿಂದ ಆಟ ಜಾರಿತು. ಮೊದಲ ಸುತ್ತಿನ ಸೋಲುಗಳು ಹೆಚ್ಚಾದವು. ಒಂದು ಮ್ಯಾನೇಜ್‌ಮೆಂಟ್ ಕಂಪನಿಯ ಜೊತೆ ಕಾನೂನು ತಕರಾರು ಸೇರಿಕೊಂಡಿತು. 2003ರ ನಂತರ ಕೆಲವು ವರ್ಷ ಆಕೆ ಹೆಚ್ಚುಕಡಿಮೆ ಟೂರ್‌ನಲ್ಲಿ ಕಾಣಿಸಲೇ ಇಲ್ಲ. ಆಟ ಬಿಟ್ಟೆ ಎಂದು ಮಾತ್ರ ಹೇಳಲಿಲ್ಲ.

ಇದು ಹೇಗಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ‘ಫಾರ್ಮ್ ಹೋಯಿತು’ ಅಂತಷ್ಟೇ ಕಾಣುತ್ತದೆ. ಟೆನಿಸ್ ರ‍್ಯಾಂಕಿಂಗ್ ಕಳೆದ 52 ವಾರಗಳ ಲೆಕ್ಕ. ಹೋದ ವರ್ಷದ ಇದೇ ವಾರ ಗಳಿಸಿದ ಅಂಕ ಈ ವಾರ ಅಳಿಸಿಹೋಗುತ್ತದೆ. ಅಷ್ಟನ್ನು ಮತ್ತೆ ಗಳಿಸದಿದ್ದರೆ ಕೆಳಗೆ. ವಿಂಬಲ್ಡನ್ ಸೆಮಿಫೈನಲ್ ಕೂಡ ಒಂದು ವರ್ಷಕ್ಕೆ ಸವೆದುಹೋಗುತ್ತದೆ. ರ‍್ಯಾಂಕಿಂಗ್ ಬಿದ್ದರೆ ದೊಡ್ಡ ಟೂರ್ನಿಗೆ ನೇರ ಪ್ರವೇಶ ಇಲ್ಲ. ಪ್ರವೇಶ ಇಲ್ಲದಿದ್ದರೆ ದುಡ್ಡಿಲ್ಲ. ದುಡ್ಡಿಲ್ಲದಿದ್ದರೆ ಕೋಚ್ ಇಲ್ಲ, ವಿಮಾನದ ಟಿಕೆಟ್ ಇಲ್ಲ. ಅವೆರಡೂ ಇಲ್ಲದೆ ರ‍್ಯಾಂಕಿಂಗ್ ಏರುವುದು ಹೇಗೆ? ಬಾವಿಗೆ ಬಿದ್ದವರಿಗೆ ಹಗ್ಗ ಬೇಕಾದರೆ ಮೇಲೆ ಬಂದು ತೆಗೆದುಕೊಂಡು ಹೋಗಿ ಅಂದ ಹಾಗೆ.

ಕೆಳಗಿನ ಮೆಟ್ಟಿಲಲ್ಲಿ ಸಣ್ಣ ಟೂರ್ನಿಗಳಿವೆ. ಆಗ 10,000 ಡಾಲರ್, 25,000 ಡಾಲರ್ ಟೂರ್ನಿ ಅನ್ನುತ್ತಿದ್ದರು. ಕೇಳಲು ದೊಡ್ಡದು. ಆದರೆ ಅದು ಗೆದ್ದವರ ಬಹುಮಾನವಲ್ಲ, ಇಡೀ ಟೂರ್ನಿಯ ಒಟ್ಟು ಮೊತ್ತ. ಸಿಂಗಲ್ಸ್, ಡಬಲ್ಸ್ ಎಲ್ಲರೂ ಹಂಚಿಕೊಳ್ಳಬೇಕು. ಮೊದಲ ಸುತ್ತಿನಲ್ಲಿ ಸೋತರೆ ಹೋಟೆಲ್ ಬಿಲ್ ಕೂಡ ಹುಟ್ಟುವುದಿಲ್ಲ. ಚೆಂಡು ಎತ್ತಿಕೊಡುವ ಹುಡುಗರಿಲ್ಲದ ಕೋರ್ಟುಗಳು, ನೋಡಲು ಹತ್ತು ಜನ.

ಇಲ್ಲಿ ಇನ್ನೊಂದು ಮಾತು. ಗಾಯ, ಕಾಯಿಲೆ ಅಥವಾ ಹೆರಿಗೆಗಾಗಿ ದೀರ್ಘ ಕಾಲ ಹೊರಗಿರುವ ಆಟಗಾರ್ತಿಗೆ ಡಬ್ಲ್ಯುಟಿಎ ವಿಶೇಷ ರ‍್ಯಾಂಕಿಂಗ್ ಕೊಡುತ್ತದೆ. ವಾಪಸು ಬಂದಾಗ ಹಳೆಯ ರ‍್ಯಾಂಕಿಂಗ್ ತೋರಿಸಿ ಕೆಲವು ಟೂರ್ನಿಗಳಿಗೆ ಪ್ರವೇಶ ಪಡೆಯಬಹುದು. ಮೊಣಕಾಲು ಮುರಿದರೆ ಈ ದಾರಿ ಇದೆ. ಮನೆಯೇ ಮುರಿದು ಓಡಿಬಂದ ಹುಡುಗಿಗೆ ಅಂಥ ಕಾಗದ ಯಾರು ಕೊಡುತ್ತಾರೆ? ಆಕೆಯ ಗಾಯಕ್ಕೆ ಎಕ್ಸ್‌ರೇ ಇರಲಿಲ್ಲ.

ಮೂರನೆಯ ತಿರುವು: ಕೆಳಗಿನಿಂದ ಮತ್ತೆ

ಇಲ್ಲಿಂದ ಮುಂದೆ ನನಗೆ ‘ಹುಡುಗಿ’ ಅಂತ ಬರೆಯಲು ಬರುವುದಿಲ್ಲ. 2010ರಲ್ಲಿ ಆಕೆ 28ರ ಹೆಂಗಸು. ಆ ವರ್ಷ ವಿಂಬಲ್ಡನ್‌ನಲ್ಲಿ ಅರ್ಹತಾ ಸುತ್ತಿನ ಪಂದ್ಯಗಳನ್ನು ಗೆದ್ದು ಮುಖ್ಯ ಸುತ್ತಿಗೆ ಬಂದರು. ಅದೇ ವರ್ಷ ಯುಎಸ್ ಓಪನ್‌ಗೂ ಅದೇ ದಾರಿಯಲ್ಲಿ ಬಂದು, ಮೊದಲ ಸುತ್ತು ಗೆದ್ದರು. ವಿಂಬಲ್ಡನ್ ಅರ್ಹತಾ ಪಂದ್ಯಗಳು ಆಗ ನಡೆಯುತ್ತಿದ್ದದ್ದು ರೋಹ್ಯಾಂಪ್ಟನ್‌ನಲ್ಲಿ. ಮುಖ್ಯ ಅಂಕಣಗಳಿಂದ ಕೆಲವು ಮೈಲಿ ದೂರದ ಮೈದಾನದಲ್ಲಿ, ಒಂದರ ಪಕ್ಕ ಒಂದು ಕೋರ್ಟು. ಸೆಂಟರ್ ಕೋರ್ಟಿನಲ್ಲಿ ಗ್ರಾಫ್ ಕೈಯಿಂದ ಸೆಟ್ ಕಿತ್ತುಕೊಂಡಿದ್ದವರು 11 ವರ್ಷದ ಮೇಲೆ ಅಲ್ಲಿ ನಿಂತು ಹೆಸರು ಕೇಳಿರದ ಎದುರಾಳಿಗಳ ಜೊತೆ ಆಡಬೇಕು. ‘ನಾನು ಯಾರು ಗೊತ್ತಾ’ ಅನ್ನುವ ಅಹಂ ಸ್ವಲ್ಪ ಇದ್ದರೂ ಆಗದ ಕೆಲಸ ಅದು.

2011ರಲ್ಲಿ ಮದುವೆಯಾಯಿತು. ಆಮೇಲಿನ ಮೂರು ವರ್ಷ ದೊಡ್ಡ ಸುದ್ದಿಯಿಲ್ಲ. ಆಡಿದರು, ಸೋತರು, ಗೆದ್ದರು, ಮತ್ತೆ ಅರ್ಹತಾ ಸುತ್ತು. ಈ ಪ್ರಕರಣ ಬರೆಯುವವರು ಸಾಮಾನ್ಯವಾಗಿ ಈ ಭಾಗವನ್ನು ಹಾರಿಸಿಬಿಡುತ್ತಾರೆ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಈ ವರ್ಷಗಳಲ್ಲಿ ಸೋತರೂ ಆಕೆಯ ಸಂಜೆಗೆ ಏನೂ ಆಗುತ್ತಿರಲಿಲ್ಲ. ಸೋತು ಮನೆಗೆ ಹೋಗಬಹುದಿತ್ತು. ಆಡುವುದೋ ಬಿಡುವುದೋ ಅನ್ನುವ ತೀರ್ಮಾನ ಆಕೆಯದೇ ಆಗಿತ್ತು.

2014ರ ಯುಎಸ್ ಓಪನ್. ಮತ್ತೆ ಅರ್ಹತಾ ಸುತ್ತಿನ ಮೂರು ಪಂದ್ಯ, ಮುಖ್ಯ ಸುತ್ತಿನಲ್ಲಿ ಎರಡು. ಆರನೆಯದು ಎರಡನೇ ಶ್ರೇಯಾಂಕದ (ಟೂರ್ನಿಯವರು ಕೊಡುವ ಸೀಡಿಂಗ್) ಸಿಮೋನಾ ಹಾಲೆಪ್ ವಿರುದ್ಧ. ಹಾಲೆಪ್ ಕೋರ್ಟಿನ ಎಲ್ಲ ಮೂಲೆಗೂ ಓಡಿ ಚೆಂಡನ್ನು ವಾಪಸು ಕಳಿಸುವವರು, ಎದುರಾಳಿಯ ತಾಳ್ಮೆ ತಿನ್ನುವವರು. 32ರ ಆಟಗಾರ್ತಿ ಹಳೇ ಕೈಯನ್ನೇ ನಂಬಿದರು. ಮೂರು ನಾಲ್ಕು ಹೊಡೆತದಲ್ಲಿ ಇತ್ಯರ್ಥ. ಮೊದಲ ಸೆಟ್ ಟೈಬ್ರೇಕರ್‌ನಲ್ಲಿ ಬಂತು, ಎರಡನೆಯದು 6-2. 1999ರ ವಿಂಬಲ್ಡನ್ ನಂತರ ಮೊದಲ ಸಲ ಗ್ರ್ಯಾಂಡ್‌ಸ್ಲಾಮ್‌ನ ನಾಲ್ಕನೇ ಸುತ್ತು.

ಅದೇ ಸೆಪ್ಟೆಂಬರ್‌ನಲ್ಲಿ ಕೆನಡಾದ ಕ್ವಿಬೆಕ್ ಸಿಟಿಯ ಟೂರ್ನಿ ಗೆದ್ದರು. ಫೈನಲ್‌ನಲ್ಲಿ ವೀನಸ್ ವಿಲಿಯಮ್ಸ್ ಅವರನ್ನು 6-4, 6-3ರಿಂದ ಸೋಲಿಸಿದರು. ಇದಕ್ಕೆ ಹಿಂದಿನ ಸಿಂಗಲ್ಸ್ ಪ್ರಶಸ್ತಿ 1998ರ ಬೋಲ್. ಎರಡರ ನಡುವೆ 16 ವರ್ಷಕ್ಕೂ ಹೆಚ್ಚು ಅಂತರ. ಎರಡು ಪ್ರಶಸ್ತಿಗಳ ನಡುವೆ ಇಷ್ಟು ಕಾಲ ಕಳೆದದ್ದು ಮಹಿಳಾ ಟೂರ್‌ನಲ್ಲಿ ದಾಖಲೆ. ದಾಖಲೆ ಅಂತ ಬರೆಯುವಾಗ ನನಗೆ ಖುಷಿಯೂ ಆಗುತ್ತದೆ, ಸಂಕಟವೂ ಆಗುತ್ತದೆ. 2015ರ ಫ್ರೆಂಚ್ ಓಪನ್‌ನಲ್ಲಿ ಹಾಲೆಪ್ ಅವರನ್ನು ಮತ್ತೊಮ್ಮೆ ಸೋಲಿಸಿದರು.

ಮೆಲ್ಬರ್ನ್, 2017

ರ‍್ಯಾಂಕಿಂಗ್ 79, ವಯಸ್ಸು 34. ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಪಂದ್ಯ ಗೆದ್ದು 19 ವರ್ಷವಾಗಿತ್ತು. ಎರಡನೇ ಸುತ್ತಿನಲ್ಲಿ ಮೂರನೇ ಶ್ರೇಯಾಂಕದ ಅಗ್ನೀಷ್ಕಾ ರಾಡ್ವಾನ್‌ಸ್ಕಾ ಅವರನ್ನು ನೇರ ಸೆಟ್‌ಗಳಲ್ಲಿ ಮನೆಗೆ ಕಳಿಸಿದರು. ಕ್ವಾರ್ಟರ್ ಫೈನಲ್‌ನಲ್ಲಿ ಐದನೇ ಶ್ರೇಯಾಂಕದ ಕರೊಲಿನಾ ಪ್ಲಿಷ್ಕೋವಾ.

ಆ ಪಂದ್ಯದ ಕೊನೆಯ ಸೆಟ್ ನೋಡಿದವರು ಮರೆಯುವುದಿಲ್ಲ. ತೊಡೆಗೆ ಪಟ್ಟಿ ಸುತ್ತಿತ್ತು. 3-4ರಲ್ಲಿ ಹಿಂದೆ. ಚಿಕಿತ್ಸೆಗೆ ಬಿಡುವು ಕೇಳಿ ಹೋದರು, ವಾಪಸು ಬಂದರು. ಆಮೇಲಿನ ಮೂರು ಗೇಮ್ ಸತತವಾಗಿ ಗೆದ್ದು 6-4ಕ್ಕೆ ಮುಗಿಸಿದರು. ಮುಗಿದ ಮೇಲೆ ಕಣ್ಣೀರು ನಿಲ್ಲಲಿಲ್ಲ. ಅಂಕಣದಲ್ಲೇ ಮಾತಾಡಿಸಲು ಮೈಕ್ ಹಿಡಿದು ಬಂದವರನ್ನು ಅಪ್ಪಿಕೊಂಡರು. ಮೊದಲ ಗ್ರ್ಯಾಂಡ್‌ಸ್ಲಾಮ್ ಸೆಮಿಫೈನಲ್ ಆಗಿ ಹದಿನೇಳೂವರೆ ವರ್ಷದ ಮೇಲೆ ಎರಡನೆಯದು. ಆ ವರ್ಷದ ಮೇ ತಿಂಗಳಲ್ಲಿ, 35ನೇ ವಯಸ್ಸಿನಲ್ಲಿ, ವಿಶ್ವ ರ‍್ಯಾಂಕಿಂಗ್ 20. ಇಡೀ ವೃತ್ತಿಯ ಅತ್ಯುತ್ತಮ ಸ್ಥಾನ ಅದು. 16ನೇ ವಯಸ್ಸಿನ 32ಕ್ಕಿಂತಲೂ ಮೇಲೆ.

ನಾನು ಇದರಿಂದ ತೆಗೆದುಕೊಂಡದ್ದು

2017ರ ಜನವರಿಯಲ್ಲಿ ಬಂದ ಬರಹಗಳಲ್ಲಿ ಹೆಚ್ಚಿನವು ಇದನ್ನು ಸ್ಫೂರ್ತಿಯ ಕಥೆಯಾಗಿ ಬರೆದವು. ನೋವು ಉಂಡವರೇ ಗಟ್ಟಿಯಾಗುತ್ತಾರೆ ಅನ್ನುವ ಥರ. ನನ್ನ ತಕರಾರು ಇರುವುದು ಅಲ್ಲೇ. ಹೊಡೆತದಿಂದ ಈಕೆ ಆಟಗಾರ್ತಿಯಾಗಲಿಲ್ಲ. ಹೊಡೆತ ಇದ್ದರೂ ಆದರು. ಇವೆರಡಕ್ಕೂ ಅಜಗಜಾಂತರ ಇದೆ. ನಮ್ಮ ಕಡೆಯೂ ‘ಪೆಟ್ಟು ತಿನ್ನದೆ ಯಾರು ಉದ್ಧಾರ ಆಗಿದ್ದಾರೆ’ ಅನ್ನುವವರು ಕಮ್ಮಿಯಿಲ್ಲ. ಅವರು ಈ ಪ್ರಕರಣದ ವರ್ಷಗಳನ್ನು ಎಣಿಸಲಿ. ಬೆದರಿಸಿ ಆಡಿಸಿದ ಕಾಲದ ಫಲ ಒಂದೆರಡು ವರ್ಷ ಕಂಡಿತು, ಅದರ ಸಾಲ ತೀರಿಸಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಸ್ವಂತ ಇಷ್ಟದಿಂದ ಆಡಿದ ಕಾಲದ ಫಲ 35ರಲ್ಲಿ ಬಂತು, ಮೈ ಸೋಲುವ ವಯಸ್ಸಿನಲ್ಲಿ.

ವಾಪಸು ಬಂದವರೊಬ್ಬರು ಇದ್ದಾರೆ ಅಂತ ನಾವು ಬರೆಯುತ್ತಿದ್ದೇವೆ. ಬಾರದೆ ಹೋದ ಹುಡುಗಿಯರ ಪ್ರಕರಣ ಯಾರೂ ಬರೆಯುವುದಿಲ್ಲ. ಅವರ ಹೆಸರು ಹಳೆಯ ಡ್ರಾ ಹಾಳೆಗಳಲ್ಲಿ (ಯಾರಿಗೆ ಯಾರು ಎದುರಾಳಿ ಅನ್ನುವ ಪಟ್ಟಿ) ಮಾತ್ರ ಇದೆ.

ಇನ್ನೊಂದು ಸಂಗತಿ ಕೋಚ್‌ಗಳಿಗೆ. ಆಕೆಯ ಆಟದ ಬಗೆ 15ರಲ್ಲೂ 34ರಲ್ಲೂ ಒಂದೇ. ಹೊಸ ಹೊಡೆತ ಕಲಿತು ವಾಪಸು ಬಂದವರಲ್ಲ. ಅಂದರೆ ಆ ಕತ್ತಲ ವರ್ಷಗಳಲ್ಲಿ ಕಳೆದುಹೋಗಿದ್ದದ್ದು ಕೌಶಲವಲ್ಲ. ಒಂದು ಮಗುವಿನ ಆಟ ಇದ್ದಕ್ಕಿದ್ದ ಹಾಗೆ ಕುಸಿದರೆ ನಾವು ಮೊದಲು ಗ್ರಿಪ್ ನೋಡುತ್ತೇವೆ, ಕಾಲಿನ ಚಲನೆ ನೋಡುತ್ತೇವೆ, ಇನ್ನೂರು ಸರ್ವ್ ಜಾಸ್ತಿ ಮಾಡಿಸುತ್ತೇವೆ. ಮನೆಯಲ್ಲಿ ಹೇಗಿದ್ದೀಯಾ ಅಂತ ಕೊನೆಗೆ ಕೇಳುತ್ತೇವೆ. ಕೇಳುತ್ತೇವಾ?

ಕೇಳುವ ಬಗೆಯೂ ಇದೆ. ಅಪ್ಪ ಅಮ್ಮ ಎದುರಿಗಿದ್ದಾಗ ಕೇಳಿದರೆ ಯಾವ ಮಗುವೂ ಹೇಳುವುದಿಲ್ಲ. ನಮ್ಮಲ್ಲಿ ಈಗ ಒಂದು ಸಣ್ಣ ರೂಢಿ ಮಾಡಿಕೊಂಡಿದ್ದೇವೆ. ಸೋತ ಮಗು ನೇರ ಗೇಟಿಗೆ ಹೋಗುವ ಹಾಗಿಲ್ಲ. ಮೊದಲು ನಮ್ಮ ಟೇಬಲ್ ಹತ್ತಿರ ಬಂದು ಸ್ಕೋರ್ ಹಾಳೆಗೆ ಸಹಿ ಹಾಕಬೇಕು. ಹಾಳೆಗೆ ಆ ಸಹಿ ನಿಜವಾಗಿ ಬೇಕಿಲ್ಲ. ಆ ಎರಡು ನಿಮಿಷ ನಮಗೆ ಬೇಕು. ‘ನೀರು ಕುಡಿದ್ಯಾ ಪುಟ್ಟಾ? ಯಾರ ಜೊತೆ ಹೋಗ್ತೀಯಾ?’ ಅಂತ ಕೇಳುತ್ತೇವೆ. ಮುಕ್ಕಾಲುಪಾಲು ಮಕ್ಕಳು ‘ಅಮ್ಮನ ಜೊತೆ’ ಅಂತ ಓಡಿಹೋಗುತ್ತವೆ. ಯಾವುದೋ ಒಂದು ಮಗು ಪೆನ್ನು ಹಿಡಿದುಕೊಂಡು ನಿಂತೇ ಇರುತ್ತದೆ. ಆಗ ನಾವು ಕುರ್ಚಿ ಎಳೆದು ಕೂರಿಸುತ್ತೇವೆ. ಆಮೇಲೆ ಮನೆಯವರ ಜೊತೆ ಬೇರೆಯಾಗಿ ಮಾತಾಡುತ್ತೇವೆ. ಇಷ್ಟರಿಂದ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಪೆಟ್ಟಿನ ಗುರುತು ಕಂಡರೆ ಮಾತುಕತೆಗೆ ನಿಲ್ಲಬಾರದು. ಮಕ್ಕಳ ಸಹಾಯವಾಣಿ 1098 ಇದೆ, ಫೋನ್ ಮಾಡಬೇಕು. ಆ ನಂಬರನ್ನು ಡ್ರಾ ಹಾಳೆಯ ಪಕ್ಕ ದಪ್ಪ ಅಕ್ಷರದಲ್ಲಿ ಅಂಟಿಸಿದ್ದೇವೆ.

ಸೆಮಿಫೈನಲ್ ಕಥೆ ಹೇಳುವುದು ಬಾಕಿ ಇದೆ. 2017ರ ಜನವರಿ 26. ಎದುರಿಗೆ ಸೆರೆನಾ ವಿಲಿಯಮ್ಸ್. 1998ರ ವಿಂಬಲ್ಡನ್‌ನಲ್ಲಿ ಸಿಂಗಲ್ಸ್‌ನಲ್ಲೂ ಮಿಶ್ರ ಡಬಲ್ಸ್ ಫೈನಲ್‌ನಲ್ಲೂ ಎದುರು ನಿಂತಿದ್ದ ಅದೇ ಸೆರೆನಾ. ಆಗ ಇಬ್ಬರಿಗೂ 16. ಈಗ ಒಬ್ಬರಿಗೆ 34, ಇನ್ನೊಬ್ಬರಿಗೆ 35. ಪಂದ್ಯ ಬೇಗ ಮುಗಿಯಿತು, 6-2, 6-1. ಬಲೆಯ ಹತ್ತಿರ ಇಬ್ಬರೂ ಅಪ್ಪಿಕೊಂಡರು. ಗೆದ್ದ ಸೆರೆನಾ ಮಾತಿಗೆ ನಿಂತಾಗ ಎದುರಾಳಿಯನ್ನೇ ಹೊಗಳಿದರು. ಸೋತವರು ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ ಜನರ ಕಡೆ ಕೈ ಬೀಸಿ, ನಗುತ್ತಾ ಹೊರಗೆ ನಡೆದರು.